ಟವೆಲ್ಲಿನ ಕೆಳಗಿನ ಕೈ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದೊಡ್ಡನಾರಾಯಣಪ್ಪ ಹರಾಜು ಕೂಗಿದರೆ ತಾಯಲೂರು ಕೆರೆಯ ಕೊಕ್ಕರೆಗಳು ಕೂಗು ಕೇಳಿ ಬೆಚ್ಚಿ, ಆಂಧ್ರಕ್ಕೆ ಹಾರಿಹೋಗುತ್ತಿದ್ದವು. ಮಾಲು ಹೊಗಳುವುದರಲ್ಲಿ ಅವನ ಸಮಕ್ಕೆ ಇನ್ನೊಬ್ಬ ಹುಟ್ಟಿಲ್ಲ. ಒಮ್ಮೆ ಒಂದು ಕ್ರೇಟು ಜಲ್ಲಿಕಲ್ಲನ್ನೇ ಹೊಗಳಿ ಮಾರಿದ. ಕೊಂಡವನು ಕಚ್ಚಿ ಹಲ್ಲು ಮುರಿದುಕೊಂಡು, "ಇನ್ನೂ ಸ್ವಲ್ಪ ಹಣ್ಣಾಗಬೇಕಿತ್ತು" ಅಂದನಂತೆ. ಆ ಹಲ್ಲನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವನ ಮನೆತನಕ್ಕೆ ಒಂದೇ ನೇಮ. ಮಾಲಿನ ದೋಷ ಮಂಡಿಯವನ ಬಾಯಲ್ಲಿ ಬರಕೂಡದು. ಅವನ ತಾತ ಪ್ರಾಣ ಬಿಡುವಾಗಲೂ, "ಆರೋಗ್ಯ ಹೇಗಿದೆ?" ಎಂದವರಿಗೆ "ಫಸ್ಟ್ ಕ್ಲಾಸು" ಅಂದೇ ಬಿಟ್ಟ.

ಈ ನೇಮಕ್ಕೆ ಒಬ್ಬನಿಗೆ ಮಾತ್ರ ರಿಯಾಯಿತಿ ಇತ್ತು: ಮುಳಬಾಗಿಲಿನ ವ್ಯಾಪಾರಿ ರಾಮಚಂದ್ರಪ್ಪ. ಆಗ ಹೊಗಳಿಕೆ ಬಾಯಲ್ಲಿ, ಬೆಲೆ ಮಾತ್ರ ಟವೆಲ್ಲಿನ ಕೆಳಗೆ. ಇಬ್ಬರೂ ಕೈಯ ಮೇಲೆ ಟವೆಲ್ಲು ಹೊದ್ದುಕೊಂಡು ಬೆರಳು ಹಿಡಿದು ಬೆಲೆ ಹೇಳುವುದು, ಹಿಂಡಿದರೆ ಹೆಚ್ಚಿಸು, ಸಡಿಲಿಸಿದರೆ ಬಿಡು. ಸುತ್ತ ನಿಂತವರಿಗೆ ಏನೂ ತಿಳಿಯದು. ನಡುವಯಸ್ಸಿನಲ್ಲಿ ರಾಮಚಂದ್ರಪ್ಪನ ಎರಡೂ ಕಣ್ಣು ಹೋದವು. ವ್ಯಾಪಾರ ಮಾತ್ರ ಹೋಗಲಿಲ್ಲ. ಟವೆಲ್ಲಿನ ಕೆಳಗೆ ಯಾರಿಗೆ ತಾನೇ ಕಣ್ಣು ಕಾಣುತ್ತದೆ? ಆದರೆ ಕ್ರೇಟಿನ ತಳದ ಹಣ್ಣು ಅವನಿಗೆ ತಿಳಿಯಬೇಕಲ್ಲ. ಅದಕ್ಕೆ ದೊಡ್ಡನಾರಾಯಣಪ್ಪ ಒಂದು ಗುಟ್ಟು ಮಾಡಿಕೊಂಡಿದ್ದ. ಬೆಲೆಗೆ ಮೊದಲು ಗೆಳೆಯನ ಅಂಗೈಯಲ್ಲಿ ಹೆಬ್ಬೆರಳು ಮಡಚಿ ಒತ್ತುತ್ತಿದ್ದ. ಒಂದು ಒತ್ತು, ಸೊನೆ ಸುಟ್ಟ ಕಲೆ. ಎರಡು ಒತ್ತು, ತಳದಲ್ಲಿ ಕೊಳೆ. ಬಾಯಿ ಅದೇ ಹೊತ್ತಿಗೆ "ಬಂಗಾರ ಬಂಗಾರ" ಎಂದು ಕೂಗುತ್ತಲೇ ಇರುತ್ತಿತ್ತು.

ಆಮೇಲೆ ಆಪ್ ಬಂತು. ದೊಡ್ಡನಾರಾಯಣಪ್ಪನ ತಮ್ಮನ ಮಗ ವೇಣು ಮಾಡಿಸಿದ್ದು. ಕ್ರೇಟಿನ ಮೇಲಿನ ಸಾಲು, ತಳದ ಸಾಲು ಎರಡರ ಫೋಟೋ ಹಾಕುವುದು, ಕೊಳ್ಳುವವರು ಫೋನಿನಲ್ಲೇ ಬೆಲೆ ಒತ್ತುವುದು. ಆ ಸುಗ್ಗಿಯ ಮೊದಲ ದಿನ ರಾಮಚಂದ್ರಪ್ಪ ಮಂಡಿಯ ಬೆಂಚಿಗೆ ಬಂದು ಟವೆಲ್ಲು ಚಾಚಿದ.

"ಇನ್ಮೇಲೆ ಎಲ್ಲಾ ಫೋನಲ್ಲೇ ಕಣೋ" ಅಂದ ದೊಡ್ಡನಾರಾಯಣಪ್ಪ.

"ಹಂಗಾ? ಸರಿ ಬಿಡಪ್ಪಾ, ಅದನ್ನೂ ನೋಡೇಬಿಡಾಣ."

ರಾಮಚಂದ್ರಪ್ಪನ ಬಳಿ ಮುಟ್ಟಿದ್ದನ್ನು ಓದಿ ಹೇಳುವ ಫೋನು ಇತ್ತು. ಬೆಂಚಿನಲ್ಲಿ ಕೂತು ಬೆರಳಾಡಿಸಿದ. ಫೋನು ಹೇಳಿತು: "ಬಟನ್." ಇನ್ನೊಂದು ಕಡೆ ಮುಟ್ಟಿದ. "ಬಟನ್." ಆಪಿನಲ್ಲಿ ಯಾವ ಬಟನ್ನಿಗೂ ಹೆಸರು ಹಾಕಿರಲಿಲ್ಲ. ಸುಗ್ಗಿಯುದ್ದಕ್ಕೂ ಅವನು ಬಂದ, ಕೂತ, ಬಟನ್, ಬಟನ್, ಬಟನ್. ಒಂದು ಕ್ರೇಟೂ ಕೊಳ್ಳಲಿಲ್ಲ. ಬೈಯಲೂ ಇಲ್ಲ. ಮಳೆಗಾಲದಲ್ಲಿ ತನ್ನ ಮನೆಯಲ್ಲಿ, ಮಲಗಿದ್ದವನು ಹಾಗೆಯೇ ತೀರಿಕೊಂಡ.

ಮರುವರ್ಷ ಬೇಸಿಗೆಯಲ್ಲಿ ಶುರುವಾಯಿತು. ಮಟಮಟ ಮಧ್ಯಾಹ್ನ, ಹಮಾಲಿಗಳು ಊಟಕ್ಕೆ ಹೋದ ಹೊತ್ತು, ದೊಡ್ಡನಾರಾಯಣಪ್ಪನ ಕಿವಿಗೆ ಖಾಲಿ ಬೆಂಚಿನ ಕಡೆಯಿಂದ ಮೆಲ್ಲಗೆ: "ಬಟನ್. ಬಟನ್." ವೇಣು ಇದ್ದಬದ್ದ ಫೋನೆಲ್ಲ ಆಫ್ ಮಾಡಿದ. ಬೆಂಚನ್ನು ತಲೆಕೆಳಗು ಮಾಡಿ ನೋಡಿದ. ಕುರುಡುಮಲೆ ಗಣಪನಿಗೆ ಕಾಯಿ ಒಡೆಸಿದ್ದೂ ಆಯಿತು. ಮರುದಿನ ಮಧ್ಯಾಹ್ನ ಮತ್ತೆ "ಬಟನ್." ಕೊಕ್ಕರೆ ಓಡಿಸುತ್ತಿದ್ದ ಗಂಟಲು ಒಣಗಿ, ದೊಡ್ಡನಾರಾಯಣಪ್ಪ ಟೀ ಬೇಕೆಂದರೂ ಸನ್ನೆ ಮಾಡುವಂತಾದ.

ಅದೇ ಸಮಯಕ್ಕೆ ವೇಮಗಲ್ ಕಡೆಯ, ಮಾವಿನ ತಿರುಳು ತೆಗೆಯುವ ಪಲ್ಪ್ ಫ್ಯಾಕ್ಟರಿಯವರು ಬಂದರು. ಇವನ ತೋತಾಪುರಿಯ ದೊಡ್ಡ ಗಿರಾಕಿ ಅವರೇ. "ಕಣ್ಣು ಕಾಣದವರು, ಕಿವಿ ಕೇಳದವರು, ಎಲ್ಲರೂ ಬಳಸುವ ಹಾಗೆ ಆಪ್ ಇರಬೇಕು. ಕಾನೂನೇ ಇದೆ. ನಮ್ಮ ಮಾಲು ಕೊಳ್ಳೋ ಹೊರದೇಶದವರು ನಮ್ಮನ್ನು ಕೇಳ್ತಾರೆ, ನಾವು ನಿಮ್ಮನ್ನು ಕೇಳ್ತೀವಿ. ತೋತಾಪುರಿ ಮರದಿಂದ ಇಳಿಯೋದರೊಳಗೆ ಸರಿಮಾಡಿ, ಇಲ್ಲಾಂದ್ರೆ ನಮ್ಮ ಲಾರಿ ಈ ಕಡೆ ಬರಲ್ಲ" ಅಂದು ಹೋದರು. ಆ ಲಾರಿ ಬರದಿದ್ದರೆ ಮಂಡಿಗೆ ಬೀಗವೇ ಗತಿ.

ಆಪ್ ಪರೀಕ್ಷಿಸಲು ಫ್ಯಾಕ್ಟರಿಯವರ ಪರವಾಗಿ ಕೋಲಾರದಿಂದ ಅರ್ಪಿತ ಬಂದಳು. ಹುಟ್ಟಿನಿಂದಲೇ ಕಣ್ಣಿಲ್ಲದ ಹುಡುಗಿ, ಇದೇ ಅವಳ ಕೆಲಸ. ಅವಳು ಬೆಂಚಿನ ಮೇಲೆ ಕೂತು ಆಪ್ ತೆಗೆದಳು. ಅವಳ ಫೋನು "ಬಟನ್. ಬಟನ್" ಎಂದದ್ದೇ ತಡ, ದೊಡ್ಡನಾರಾಯಣಪ್ಪ ಕ್ರೇಟುಗಳ ಹಿಂದೆ ಅವಿತುಕೊಂಡ.

"ಯಾಕೆ ತಾತ, ಅಷ್ಟೊಂದು ಕೆಟ್ಟದಾಗಿದೆಯಾ ನನ್ ಫೋನಿನ ದನಿ?"

"ಅಲ್ಲಮ್ಮಾ… ಪರಿಚಯದ ದನಿ" ಅಂದ ಅವನು.

ಅವಳು ಹೇಳಿದಂತೆ ವೇಣು ಒಂದೊಂದೇ ಸರಿಪಡಿಸಿದ. ಬಟನ್‌ಗಳಿಗೆಲ್ಲ ಹೆಸರು ಕೊಟ್ಟ. ಹಸಿರು ಕೆಂಪು ಬಣ್ಣದ ಜೊತೆ 'ನಡೆಯುತ್ತಿದೆ', 'ಮುಗಿಯಿತು' ಎಂಬ ಮಾತು ಸೇರಿಸಿದ. ಬೆಲೆ ಒತ್ತಲು ಇದ್ದ ಸಮಯ ಹೆಚ್ಚಿಸಿದ. ಕಿವಿ ಕೇಳದವರಿಗೆಂದು ಫೋನಿನಲ್ಲಿ ಕೇಳಿಸುವ ಹರಾಜಿನ ಕೂಗನ್ನು ಅಕ್ಷರದಲ್ಲೂ ಹಾಕಿದ. ಉಳಿದದ್ದು ಫೋಟೋ. ಪ್ರತಿಯೊಂದಕ್ಕೂ ಅದರಲ್ಲಿ ಏನಿದೆ ಎಂಬ ವಿವರಣೆ ಬೇಕು. ಅದನ್ನು ದೊಡ್ಡನಾರಾಯಣಪ್ಪನೇ ಹೇಳಿ ಬರೆಸಿದ.

ಅರ್ಪಿತಳ ಫೋನು ಓದಿತು: "ಬಾದಾಮಿ. ಬಂಗಾರದಂಥ ಮಾಲು. ನೋಡಿದರೆ ಕಣ್ಣು ತಂಪಾಗುತ್ತದೆ."

ಅವಳು ಬಿದ್ದು ಬಿದ್ದು ನಕ್ಕಳು. "ನನ್ ಕಣ್ಣು ಹುಟ್ಟಿದಾಗಿಂದ ತಂಪಾಗೇ ಇದೆ ತಾತ! ಹಣ್ಣು ಹೇಗಿದೆ ಹೇಳಿ." ಆ ಕ್ರೇಟಿನೊಳಗೆ ಕೈಹಾಕಿ, ತಳದಿಂದ ಒಂದು ಹಣ್ಣು ತೆಗೆದಳು. ಬೆರಳು ಒಂದು ಕಡೆ ಮೆತ್ತಗೆ ಇಳಿಯಿತು. "ಇದು?"

"ಅದು… ಫೋಟೋದಲ್ಲಿ ಕಾಣುತ್ತಲ್ಲಮ್ಮಾ."

"ಯಾರಿಗೆ?"

ಅವಳು ಆ ಹಣ್ಣನ್ನು ಅವನ ಕೈಗೇ ಇಟ್ಟಳು.

"ಕಣ್ಣಿರೋರು ಕಲೆ ನೋಡಿ ಬಿಡ್ತಾರೆ, ನಾನು ನಿಮ್ ಬಂಗಾರ ನಂಬಿ ಕೊಳ್ತೀನಿ. ಅವ್ರಿಗೊಂದು ಮಂಡಿ, ನನಗೊಂದು ಮಂಡಿನಾ? ಕಲೆ ಇದ್ರೆ ಕಲೆ ಅಂತಲೇ ಹಾಕ್ಬೇಕು, ದಿನಾ, ಪ್ರತಿ ಕ್ರೇಟಿಗೂ. ಇಲ್ದಿದ್ರೆ ನಾನು ಪಾಸ್ ಮಾಡಲ್ಲ."

"ದೊಡ್ಡಪ್ಪಾ, ಹೇಳ್ಬಿಡು. ಲಾರಿ ಬರಬೇಕು" ಎಂದು ವೇಣು ಗೋಗರೆದ.

ದೊಡ್ಡನಾರಾಯಣಪ್ಪ ಬಾಯಿ ತೆರೆದ. ಆಣೆ ಮಾಡಿ ಹೇಳುತ್ತೇನೆ, ಆ ಬಾಯಿಯಿಂದ "ಬಂ… ಬಂ…" ಬಿಟ್ಟು ಬೇರೇನೂ ಹೊರಡಲಿಲ್ಲ. ಮೂರು ತಲೆಮಾರು ಒಟ್ಟಾಗಿ ಅವನ ನಾಲಿಗೆಯ ಮೇಲೆ ಕೂತಿತ್ತು. ಬೆವರಿದ. ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಆಗ, ಅರ್ಪಿತಳ ಫೋನು ಅವಳ ಚೀಲದೊಳಗಿರುವಾಗಲೇ, ಬೆಂಚಿನ ಖಾಲಿ ತುದಿಯಿಂದ ಬಂತು: "ಬಟನ್."

"ಯಾರದು?" ಎಂದು ಅರ್ಪಿತ ಆ ಕಡೆ ಮುಖ ತಿರುಗಿಸಿದಳು. ಅಲ್ಲಿಯವರೆಗೆ ಅದು ದೊಡ್ಡನಾರಾಯಣಪ್ಪನ ಭ್ರಮೆಯೆಂದು ನಾನು ಊರೆಲ್ಲ ಹೇಳಿಕೊಂಡು ನಗುತ್ತಿದ್ದೆ. ನನಗೂ ಕೇಳಿಸಿತ್ತು.

ದೊಡ್ಡನಾರಾಯಣಪ್ಪ ಈ ಸಲ ಅವಿತುಕೊಳ್ಳಲಿಲ್ಲ. ಹೋಗಿ ಆ ತುದಿಯ ಪಕ್ಕದಲ್ಲೇ ಕೂತ. ಬಲಗೈ ಮುಂದೆ ಚಾಚಿ ಮೇಲೆ ಟವೆಲ್ಲು ಹೊದಿಸಿದ.

"ಲೇ ರಾಮಚಂದ್ರಾ, ಹೇಳ್ತೀನಿ ಕೇಳು" ಅಂದ. ಟವೆಲ್ಲಿನ ಕೆಳಗೆ ಹೆಬ್ಬೆರಳು ಮಡಚಿದ್ದು ಬಟ್ಟೆಯ ಮೇಲಿನಿಂದಲೇ ಕಂಡಿತು. ಬೆರಳಿನ ಹಿಂದೆಯೇ ಮಾತು ಬಂತು, ಮಗು ನಡೆಯಲು ಕಲಿಯುವ ಹಾಗೆ. "ಬಾದಾಮಿ. ಮೇಲಿನ ಸಾಲು ಚೆನ್ನಾಗಿದೆ. ಎಡಗಡೆ ಸೊನೆ ಕಲೆ ಇದೆ. ತಳದಲ್ಲಿ… ತಳದಲ್ಲಿ ಕೊಳೆ ಇದೆ ಕಣೋ. ಹೋದ್ಸಲ ಹೇಳ್ಲಿಲ್ಲ ನಿಂಗೆ. ಫೋನೇ ಹೇಳುತ್ತೆ ಅನ್ಕೊಂಡೆ."

ವೇಣು ಬರೆದುಕೊಳ್ಳುತ್ತ ಹೋದ. ಒಂದೊಂದೇ ಕ್ರೇಟು ತಂದಿಟ್ಟರು. ದೊಡ್ಡನಾರಾಯಣಪ್ಪ ಹೇಳುತ್ತ ಹೋದ. ಮಂಡಿಯ ಚರಿತ್ರೆಯಲ್ಲಿ ಅಷ್ಟು ಸತ್ಯ ಒಂದೇ ಕಡೆ ಬಿದ್ದದ್ದು ಅದೇ ಮೊದಲು. ತಗಡಿನ ಸೂರು ಭಾರ ತಾಳದೆ ಒಂದು ಗೇಣು ಕುಸಿಯಿತು, ಬೇಕಾದರೆ ಬಂದು ಅಳೆಯಬಹುದು. ಅರ್ಪಿತ ಎಲ್ಲವನ್ನೂ ಫೋನಿನಲ್ಲಿ ಓದಿಸಿ ಕೇಳಿ, "ಪಾಸು" ಅಂದಳು. ತೋತಾಪುರಿ ಇಳಿದ ಮೊದಲ ದಿನವೇ ಲಾರಿ ಬಂತು. ಬೆಂಚು ಮತ್ತೆ ಮಾತಾಡಲಿಲ್ಲ.

ಈಗಲೂ ದೊಡ್ಡನಾರಾಯಣಪ್ಪ ಟವೆಲ್ಲಿನ ಕೆಳಗೆ ಕೈಯಿಟ್ಟುಕೊಂಡೇ ಮಾಲಿನ ವಿವರಣೆ ಹೇಳುವುದು. ಕೈ ಹೊರಗಿದ್ದರೆ ಬಾಯಿ "ಬಂಗಾರ" ಎನ್ನುತ್ತದೆ. ಆ ದಿನ, ಅರ್ಪಿತ ಹೋದ ಮೇಲೆ, ಅವನು ಬೆಂಚಿನಲ್ಲಿ ಟವೆಲ್ಲಿನ ಕೆಳಗೆ ಕೈ ಚಾಚಿಕೊಂಡೇ ಕೂತಿದ್ದ. ನಾನು ಅವನ ಹತ್ತಿರ ಹೋದೆ.

"ರಾಮಚಂದ್ರ ಬೆಲೆ ಹೇಳ್ದ ಕಣೋ" ಅಂದ ಪಿಸುಮಾತಿನಲ್ಲಿ.

"ಎಷ್ಟು?"

"ಟವೆಲ್ ಕೆಳಗಿಂದು ಹೊರಗೆ ಹೇಳೋ ಹಂಗಿಲ್ಲ."

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಸುಳ್ಳೆಂದು ಕಳೆದೇ ಊರವರು ಕೇಳುತ್ತಾರೆ. ಇದನ್ನು ಮಾತ್ರ ಕಳೆಯಬೇಡಿ: ಟವೆಲ್ಲಿನ ಒಂದು ತುದಿ ಅವನ ಕೈಯ ಮೇಲಿತ್ತು. ಇನ್ನೊಂದು ತುದಿಯ ಕಡೆ ಯಾರೂ ಇರಲಿಲ್ಲ. ಆದರೂ ಅದು ಬೆಂಚಿಗೆ ಇಳಿಬಿದ್ದಿರಲಿಲ್ಲ.