ಹಸಿದಾಗ ತೀರ್ಪಿಲ್ಲ

ಪುಣೆಯ ಹೊರಗೆ, ಕಾತ್ರಜದ ದಾರಿಯಲ್ಲಿ ಆಗ ಒಂದು ಜಕಾತಿ ನಾಕಾ ಇತ್ತು. ಸುಂಕ ಕಟ್ಟದೆ ಸರಕಿನ ಗಾಡಿ ಊರೊಳಗೆ ಹೋಗುವಂತಿರಲಿಲ್ಲ. ಅಲ್ಲಿನ ಕಾರಕೂನ ದಾವಲಸಾಬ ನಮ್ಮ ಧಾರವಾಡದ ಕಡೆಯವನು, ಲಂಚ ಮುಟ್ಟದವನು. ಅಷ್ಟಕ್ಕೇ ನಿಂತಿದ್ದರೆ ನಾವು ವ್ಯಾಪಾರಸ್ಥರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೆವು.

ಆದರೆ ಅವನ ಅಜ್ಜ ಖಾಜಿಯ ಕಚೇರಿಯಲ್ಲಿದ್ದವರು. ಹಿಂದಿನ ಆಲಿಮರು, ಎಂದರೆ ಧರ್ಮಪಂಡಿತರು, ನ್ಯಾಯ ಹೇಳುವ ಖಾಜಿಗಳಿಗೆ ಕೊಟ್ಟ ಬುದ್ಧಿಮಾತನ್ನು ಮೊಮ್ಮಗನಿಗೆ ಕಲಿಸಿದ್ದರು. ಹಸಿದಾಗ, ಸಿಟ್ಟು ಬಂದಾಗ, ನಿದ್ದೆಗಣ್ಣಿನಲ್ಲಿ ತೀರ್ಪು ಕೊಡಬಾರದು. ನ್ಯಾಯ ಕೇಳಲು ಬಂದವರು ಕೊಟ್ಟ ಏನನ್ನೂ ತಿನ್ನಬಾರದು. ಇಷ್ಟು ಬೆಲ್ಲಕ್ಕೆ ಇಷ್ಟು ಸುಂಕ ಎನ್ನುವುದೂ ತೀರ್ಪೇ ಎಂದು ದಾವಲಸಾಬ ತೀರ್ಮಾನಿಸಿಬಿಟ್ಟ. ಬಹುಶಃ ಊಟವಾದ ಮೇಲೆ.

ಹಸಿವಾದರೆ ಲೇಖಣಿ ಕೆಳಗೆ. ಮನೆಯಿಂದ ಡಬ್ಬಿ ಬರುವವರೆಗೂ ಗಾಡಿಗಳ ಸಾಲು. ನಾನು ಚುರಮುರಿ ಕೊಡಹೋದರೆ, “ನೀವು ಕಕ್ಷಿದಾರರು, ಮುರುಗೆಪ್ಪನವರ” ಎಂದು ಮುಖ ತಿರುಗಿಸಿದ. ಹೀಗೆ ಪುಣೆಯ ವ್ಯಾಪಾರವೆಲ್ಲ ಅವನ ಹೆಂಡತಿ ಮಾಬೂಬಿಯ ರೊಟ್ಟಿಗೆ ಜೋತುಬಿದ್ದಿತ್ತು.

ಇನ್ನೊಮ್ಮೆ ಸಾಲು ಕಂಡರೆ ನೌಕರಿ ಹೋದಂತೆಯೇ ಎಂದು ಮೇಲಧಿಕಾರಿ ಪಂಢರಿನಾಥರಾಯರು ಎಚ್ಚರಿಸಿದರು. ಅವನು ಹೋಗುವುದು ನಮಗೆ ಬೇಕಿರಲಿಲ್ಲ. ಕಾಯಿಸಿದರೂ ಅವನು ಸುಲಿಯುತ್ತಿರಲಿಲ್ಲ.

ಒಂದು ಏಕಾದಶಿಯ ದಿನ ಡಬ್ಬಿ ಬರಲೇ ಇಲ್ಲ. ನಾನೇ ಅವನ ಮನೆಗೆ ಓಡಿದೆ. ಮಾಬೂಬಿ ಒಲೆ ಹಚ್ಚದೆ ಕೂತಿದ್ದಳು.

“ಸಿಟ್ಟಿನ್ಯಾಗ ಯಾವ ಕೆಲಸಾನೂ ಮಾಡಬಾರದಂತ ದಿನಾ ಹೇಳ್ತಾರಲ್ರಿ ಅಣ್ಣಾರ. ಈಗ ನನಗ ಸಿಟ್ಟು ಬಂದದ. ಇಳೀಲಿ, ಆಮ್ಯಾಲೆ ರೊಟ್ಟಿ ಬಡೀತೀನಿ.”

“ಯಾಕ್ ಬಂತು ತಂಗಿ ಸಿಟ್ಟು?”

“ಮಗಳಿಗೆ ಬಂದ ಗಂಡಿಗೆ ಹೂಂ ಅನ್ನೂದೋ, ಊಂಹೂಂ ಅನ್ನೂದೋ ಹೇಳ್ರಿ ಅಂದ್ರ, ಒಮ್ಮೆ ಹಸಿವಾಗೇದ ಅಂತಾರ, ಒಮ್ಮೆ ನಿದ್ದಿ ಬಂದದ ಅಂತಾರ.”

ಕಾಡಿ ಬೇಡಿ ಡಬ್ಬಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ರಾಯರ ಟಾಂಗಾವೇ ಗಾಡಿಗಳ ನಡುವೆ ಸಿಕ್ಕಿಕೊಂಡಿತ್ತು. ಅವರು ಕೆಂಡಾಮಂಡಲವಾಗಿ ಮರಾಠಿಯಲ್ಲಿ ಕೂಗಾಡುತ್ತಿದ್ದರು; ದಾವಲಸಾಬ ಈ ಗಳಿಗೆಯಿಂದಲೇ ಕೆಲಸದಲ್ಲಿಲ್ಲ ಎಂದರು. ಅವನು ಎದ್ದು ನಿಂತು ಕೈಮುಗಿದು, ಮರಾಠಿಯಲ್ಲೇ, ರಾವಸಾಹೇಬರ ಊಟವಾಗಿದೆಯೇ ಎಂದು ಕೇಳಿದ. ಇವತ್ತು ಏಕಾದಶಿ ಎಂದು ಅವರು ಗುಡುಗಿದರು. ಹಾಗಾದರೆ ಹಸಿದಿದ್ದೀರಿ, ಸಿಟ್ಟೂ ಬಂದಿದೆ, ಈ ತೀರ್ಪು ನಡೆಯುವುದಿಲ್ಲ. ನಾಳೆ ಉಂಡು ದಯಮಾಡಿಸಿ ಎಂದ ದಾವಲಸಾಬ.

ರಾಯರು ಗಾಡಿಗಳನ್ನು ಸರಿಸಲು ಹೇಳಿ ಟಾಂಗಾ ಹತ್ತಿ ಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೌಕರಿ ಉಳಿಯಿತು ಎಂದುಕೊಂಡೆವು.

ಮರುದಿನ ದ್ವಾದಶಿಯ ಪಾರಣೆ ಮುಗಿಸಿ, ಎಲೆಯಡಿಕೆ ಮೆಲ್ಲುತ್ತ ರಾಯರು ಬಂದರು. ಸ್ಟೂಲಿನ ಮೇಲೆ ಕೂತು ದಾವಲಸಾಬ ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, ತಣ್ಣಗಿನ ದನಿಯಲ್ಲಿ, ದಾವಲಸಾಬನನ್ನು ಕೆಲಸದಿಂದ ತೆಗೆದರು.

ನನ್ನ ಮೈ ಉರಿದುಹೋಯಿತು. “ಅರ್ಜಿ ಹಾಕೋಣ ದಾವಲಸಾಬ್ರ, ನಾವೆಲ್ಲಾ ಸಹಿ ಮಾಡ್ತೀವಿ” ಎಂದೆ.

“ಬ್ಯಾಡ್ರಿ. ಅವರ ಹೊಟ್ಟಿ ತುಂಬಿತ್ತು, ಸಿಟ್ಟಿರಲಿಲ್ಲ, ನನ್ನ ಮಾತೂ ಪೂರ್ತಿ ಕೇಳಿದ್ರು. ತೀರ್ಪಿನ್ಯಾಗ ಏನ್ ತಪ್ಪದ, ನೀವ ಹೇಳ್ರಿ.”

ಒಬ್ಬರಾದರೂ ಹಿರಿಯರ ಮಾತಿನಂತೆ ನಡೆದರಲ್ಲ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ನನಗೆ ಅಳು ಬಂತು.