ರಿಪೇರಿ ಬಂದರೆ ತವರಿನ ಖರ್ಚು

ನನ್ನನ್ನು ನೋಡಲು ಬಂದವರು ಹತ್ತು ನಿಮಿಷ ನೋಡಿದರು. ನನ್ನ ಜೊತೆಗೆ ಕೊಡಬೇಕಾಗಿದ್ದ ಮೋಟಾರ್ ಸೈಕಲ್ಲನ್ನು ನೋಡಲು ಬಂದವರು ಬೆಳಗ್ಗೆ ಬಂದು ಮಧ್ಯಾಹ್ನದ ಊಟದವರೆಗೂ ನೋಡಿದರು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಇಳಿಯಲಿ ಎಂದು ಕಾದು ಬರೆಯುವವರು ಇರಬಹುದು. ನನ್ನದು ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ.

ನಮ್ಮೂರು ಬಂಗಾರಪೇಟೆಯಿಂದ ಮೂರು ಮೈಲಿ. ಅಪ್ಪನಿಗೆ ಎರಡು ಎಕರೆ ಹೊಲ, ನಾಲ್ಕು ಸೀಮೆಹಸು. ದಿನಾ ಬೆಳಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಪೇಟೆಯ ಹೋಟೆಲುಗಳಿಗೆ ಹಾಲು ಹಾಕಿ ಬರುತ್ತಿದ್ದ. ಗಂಡಿನ ಕಡೆಯವರು ಚಿನ್ನದ ಗಣಿಯ ಪಕ್ಕದ ಕೋರಮಂಡಲ್‌ನವರು. ಹುಡುಗ ಮೈನ್ಸಿನ ಟೈಮ್ ಆಫೀಸಿನಲ್ಲಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಗಣಿಗೆ ಇಳಿದರು, ಎಷ್ಟು ಹೊತ್ತಿಗೆ ಮೇಲೆ ಬಂದರು ಎಂದು ಬರೆದುಕೊಳ್ಳುವ ಕೆಲಸ. "ಉಡುಗನಿಗೊಂದು ಮೋಟಾರ್ ಸೈಕಲ್ ಕೊಡಿಸ್ಬುಡಿ, ಇನ್ನೇನೂ ಬ್ಯಾಡ" ಎಂದರು ಮಾವನಾಗುವವರು. ಇನ್ನೇನೂ ಬೇಡವಂತೆ! ಎಂಥ ದೊಡ್ಡ ಮನಸ್ಸು ನೋಡಿ!

ಅಪ್ಪ ಎರಡು ಹಸು ಮಾರಿದ. ಆ ದುಡ್ಡಿಗೆ ಹೊಸ ಗಾಡಿ ಎಲ್ಲಿಂದ ಬರಬೇಕು? ರಾಬರ್ಟ್‌ಸನ್‌ಪೇಟೆಯಲ್ಲಿ ಊರು ಬಿಟ್ಟು ಹೊರಟಿದ್ದ ಒಬ್ಬ ರಿಟೈರಾದ ಫೋರ್‌ಮನ್ ಹತ್ತಿರ ಜೋಡಿ ಸೈಲೆನ್ಸರಿನ ಹಳೆಯ ಗಾಡಿಯೊಂದನ್ನು ಹಿಡಿದ. ಆರ್‌ಟಿಓ ಆಫೀಸಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಯಾರ ಹೆಸರಿಗೆ ಬರೆಯಬೇಕು ಎಂದು ಅಲ್ಲಿಯವರು ಕೇಳಿದರು. "ನನ್ ಮಗಳ ಎಸ್ರಿಗೆ ಬರೀರಿ ಸಾಮಿ. ತಾಳಿ ಕಟ್ಟೋಕ್ ಮುಂಚೆ ಅವನ್ಯಾವನು ನಮಗೆ?" ಎಂದ. ಅವರು ನಕ್ಕರು. ನನಗಾಗ ಹತ್ತೊಂಬತ್ತು, ಹತ್ತನೇ ಕ್ಲಾಸು ಓದಿದ್ದೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಗಾಡಿಯ ಬುಕ್ಕಿನಲ್ಲಿ ನನ್ನ ಹೆಸರಿರುವುದು ಆಮೇಲೆ ಎಲ್ಲರಿಗೂ ಗೊತ್ತಾಯಿತು, ಯಾರೂ ಅದಕ್ಕೆ ಮೂರು ಕಾಸಿನ ಬೆಲೆ ಕೊಡಲಿಲ್ಲ.

ಗಾಡಿ ನೋಡುವ ದಿನ ಅವರು ರಾಬರ್ಟ್‌ಸನ್‌ಪೇಟೆಯಿಂದ ಮೆಕ್ಯಾನಿಕ್ಕನ್ನೇ ಕರೆತಂದರು. ತಮಿಳಿನವ, ಮೂರು ಭಾಷೆ ಕಲಸಿ ಮಾತಾಡುವವ. ಬಂದವನೇ ಎಂಜಿನ್ ಮೇಲೆ ಅಂಗೈ ಇಟ್ಟ. ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದಾರಾ ಎಂದು ನೋಡುವುದಂತೆ. ಬಿಸಿಯಿದ್ದರೆ ಎಂಥ ಮುದಿ ಗಾಡಿಯೂ ಒಂದೇ ಕಿಕ್ಕಿಗೆ ಎದ್ದುಬಿಡುತ್ತದೆ. ತಣ್ಣಗಿತ್ತು. ನನ್ನಪ್ಪನಿಗೆ ಅಂಥ ಮೋಸ ಗೊತ್ತೇ ಇರಲಿಲ್ಲ. ಆಮೇಲೆ ಮುಂದಿನ ಚಕ್ರ ಎತ್ತಿ ಅಲ್ಲಾಡಿಸಿದ, ಚೈನು ಎಳೆದು ನೋಡಿದ, ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಕೊಟ್ಟು ಕಣ್ಣು ಮುಚ್ಚಿ ಕೇಳಿದ. ಮಾವ, ಅತ್ತೆ, ಅವರ ನೆಂಟರು ಎಲ್ಲ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಅವರನ್ನು ನೋಡುತ್ತಿದ್ದೆ.

"ಸಿಲಿಂಡರ್ ಬೋರ್ ಒಂದ್ಸಲ ಆಗಿದೆ ಸಾರ್. ಆದ್ರೆ ವಂಡಿ ಒಳ್ಳೇದು, ಓಡ್ತದೆ" ಎಂದ ಮೆಕ್ಯಾನಿಕ್ಕು.

"ಅಳೇ ಗಾಡಿ ಅಂದ್ಮೇಲೆ ನಾಳೆ ರಿಪೇರಿ ಗಿಪೇರಿ ಬತ್ತದೆ. ಯಾರ್ ನೋಡ್ಕೊಳ್ಳೋರು?" ಎಂದರು ಮಾವ.

ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ನಾನೇ ನೋಡ್ಕೊಂತೀನಿ ಬುಡಿ ಬೀಗ್ರೇ" ಎಂದ. ಎಷ್ಟು ದಿನ ಎಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಹಸು ಮಾರುವಾಗ ಇದೊಂದು ಸೂಲಿಗೆ ನಾನು ಜವಾಬ್ದಾರಿ, ಮುಂದಿನದು ನಿಮ್ಮದು ಎಂದು ಖಡಕ್ಕಾಗಿ ಹೇಳುತ್ತಿದ್ದ ಮನುಷ್ಯ! ಆ ಒಂದು ಮಾತಿಗೆ ಅಪ್ಪನ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಮದುವೆಯಾಯಿತು. ಗಂಡನನ್ನು ಬರವಣಿಗೆಯಲ್ಲಿ ಬಹುವಚನದಲ್ಲೇ ಕರೆಯಬೇಕಂತೆ. ಕರೆಯುತ್ತೇನೆ, ಕೈಗೇನು ನೋವೇ? ಗಾಡಿ ಓಡುವಾಗ ಅವರ ಬಾಯಲ್ಲಿ ಅದು "ನನ್ ಗಾಡಿ". ಕೆಟ್ಟು ನಿಂತರೆ "ನಿಮ್ಮಪ್ಪನ ಗಾಡಿ". ಕೋರಮಂಡಲ್‌ನಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಉಣ್ಣುವ ತಟ್ಟೆಗೂ ಬೀಳುತ್ತಿತ್ತು, ಗಾಡಿಯ ಕಾರ್ಬೊರೇಟರಿಗೂ ಹೋಗುತ್ತಿತ್ತು. ತಟ್ಟೆ ತೊಳೆಯುವುದು ನನ್ನ ಪಾಲು, ಕಾರ್ಬೊರೇಟರ್ ತೊಳೆಸುವುದು ನನ್ನಪ್ಪನ ಪಾಲು.

ಮದುವೆಯಾದ ಮೂರನೇ ತಿಂಗಳಿಗೇ ಮೊದಲ ಚೀಟಿ ಬಂತು. ಮೆಕ್ಯಾನಿಕ್ಕಿನ ಶೆಡ್ಡಿನಿಂದ ಬರೆಸಿಕೊಂಡು ಬಂದ ರಿಪೇರಿ ಚೀಟಿ. ಅದನ್ನು ನನ್ನ ಕೈಗೆ ಕೊಟ್ಟು, "ಓಗಿ ಎರಡು ದಿನ ಇದ್ದು ಇಸ್ಕೊಂಡ್ ಬಾ" ಎಂದು ಅತ್ತೆ ಬಸ್ಸು ಹತ್ತಿಸಿದರು. ನಾನು ಪೆದ್ದಿ, ತವರಿಗೆ ಹೋಗುತ್ತೇನೆ ಎಂದು ಕುಣಿದುಕೊಂಡು ಹೋದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ: ಕ್ಲಚ್ ಪ್ಲೇಟು, ಕೇಬಲ್ಲು, ಕೂಲಿ. ಅಪ್ಪ ಒಳಗೆ ಹೋಗಿ ದುಡ್ಡು ತಂದು ನನ್ನ ಕೈಗಿಟ್ಟ. ಅವ್ವ ಒಬ್ಬಟ್ಟು ಮಾಡಿದಳು.

ಆಮೇಲೆ ಅದೇ ಪದ್ಧತಿಯಾಯಿತು. ಚೀಟಿ ಇದ್ದರೆ ತವರಿಗೆ ಕಳಿಸುವುದು, ಇಲ್ಲದಿದ್ದರೆ ಇಲ್ಲ. ಚೈನು ಸ್ಪ್ರಾಕೆಟ್ ಎಂದು ಹೋದೆ, ಟೈರು ಎಂದು ಹೋದೆ. ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು ಎಂದು ಹೋದಾಗ ಅಪ್ಪ ಬೆಳೆದು ನಿಂತಿದ್ದ ಕಡಸನ್ನು ಮಾರಿದ. ಹೀಗೆ ಮೂರು ವರ್ಷ. ಕೊನೆಕೊನೆಗೆ ನಾನು ಬಸ್ಸಿಳಿದು ಹೊಲದ ದಾರಿಯಲ್ಲಿ ಕಂಡ ಕೂಡಲೇ ಅಪ್ಪ ಎದ್ದು ನಿಂತು, "ಈ ಸಲ ಏನಮ್ಮಾ ಓಯ್ತು?" ಎಂದು ಕೇಳುತ್ತಿದ್ದ. ಚೆನ್ನಾಗಿದ್ದೀಯಾ ಎಂದು ಕೇಳುವುದನ್ನು ಬಿಟ್ಟೇಬಿಟ್ಟಿದ್ದ. ಮಗಳ ಮುಖ ಕಂಡರೆ ಅಪ್ಪನಿಗೆ ಗಾಡಿಯ ಸಾಮಾನು ನೆನಪಾಗುವ ಹಾಗೆ ಮಾಡಿಟ್ಟಿದ್ದರಲ್ಲ, ಅವರಿಗೇನು ಹೇಳಬೇಕು?

ಒಂದು ದಿನ ಗಂಡನಿಗೆ ಬೆಳಗಿನ ಶಿಫ್ಟು. ಗಾಡಿ ಶೆಡ್ಡಿನಲ್ಲಿತ್ತು. ಚೀಟಿ ನೀನೇ ಬರೆಸಿಕೊಂಡು ಹಾಗೇ ಊರಿಗೆ ಹೋಗು ಎಂದು ಅತ್ತೆ ಕಳಿಸಿದರು. ಮೆಕ್ಯಾನಿಕ್ಕು ಕೈ ಒರೆಸಿಕೊಂಡು, ಪೆನ್ನು ತೆಗೆದು, "ಎಷ್ಟು ಬರೀಲಿಮ್ಮಾ?" ಎಂದ.

"ಎಷ್ಟಾಗೈತೋ ಅಷ್ಟು ಬರೀರಿ."

"ಆಗಿರೋದು ಒಂದು ಪ್ಲಗ್ಗು, ಪಾಯಿಂಟ್ ಸೆಟ್ಟಿಂಗು. ಇಪ್ಪತ್ತು ರೂಪಾಯಿ. ಚೀಟಿಗೆ ಎಷ್ಟು ಅಂತ ಸಾರ್ ಏಳಿ ಕಳಿಸಿಲ್ವಾ? ಯಾವಾಗ್ಲೂ ಅವ್ರೇ ಏಳ್ತಾರಲ್ಲಾ."

ಅವನ ಮಾತಿನಲ್ಲಿ ಕಪಟವೇನೂ ಇರಲಿಲ್ಲ, ನನಗೂ ಗೊತ್ತಿರಬಹುದು ಎಂದುಕೊಂಡಿದ್ದ. "ಬೋರ್ ಮಾಡಿದ್ರಲ್ಲ, ಅದಕ್ಕೆಷ್ಟಾಗಿತ್ತು?" ಎಂದೆ. "ಬೋರಾ? ಈ ವಂಡಿಗೆ ನಾನು ಬೋರ್ ಮಾಡೇ ಇಲ್ಲಮ್ಮಾ" ಎಂದ. ಮಾಡದ ಬೋರಿಗೆ ಅಪ್ಪನ ಕಡಸು ಹೋಗಿತ್ತು. ಆ ಸುಳ್ಳು ಚೀಟಿಯನ್ನು ಒಂದೊಂದೇ ಅಕ್ಷರ ಅಪ್ಪನಿಗೆ ಓದಿ ಹೇಳಿದವಳು ನಾನು, ಇದೇ ಬಾಯಲ್ಲಿ. ಥೂ!

ಮೆಕ್ಯಾನಿಕ್ಕಿಗೆ ಚೆನ್ನಾಗಿ ಬೈದೆ. "ನಿಮ್ಗೂ ಎಣ್ಮಕ್ಕಳಿಲ್ವಾ?" ಎಂದು ಕೇಳಿದೆ. ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಳಿತು, ಈ ಗಾಡಿಗೆ ನಿಜವಾಗಿ ಏನೇನಾಗಿದೆ, ಎಲ್ಲ ತೋರಿಸಿ ಎಂದೆ. ಪಾಪ, ತೋರಿಸಿದ. ಯಾವುದು ಸವೆದಿದೆ, ಯಾವುದು ಗಟ್ಟಿಯಿದೆ, ಯಾವ ಸದ್ದು ಕೆಟ್ಟದ್ದು, ಯಾವುದು ಸುಮ್ಮನೆ ಸದ್ದು, ಎಲ್ಲ ಹೇಳಿಕೊಟ್ಟ. ಗಂಟೆಗಟ್ಟಲೆ ಕುಳಿತಿದ್ದೆ. ಇಪ್ಪತ್ತು ರೂಪಾಯಿ ಎಂದೇ ಚೀಟಿ ಬರೆಸಿಕೊಂಡು, ಊರಿಗೆ ಹೋಗದೆ ಮನೆಗೆ ವಾಪಸು ಬಂದೆ.

ಸಾಯಂಕಾಲ ಗಂಡನ ಮುಂದೆ ಆ ಚೀಟಿ ಇಟ್ಟೆ. "ರಿಪೇರಿ ನೋಡ್ಕೊಂತೀನಿ ಅಂತ ನಿಮ್ಮಪ್ಪ ಒಪ್ಪಿದ್ದು ತಾನೇ?" ಎಂದರು. "ರಿಪೇರಿಗೆ ಒಪ್ಪಿದ್ದು, ಕಳ್ಳತನಕ್ಕಾ?" ಎಂದೆ. ಕಪಾಳಕ್ಕೆ ಬಿತ್ತು. ಇನ್ನು ಮೇಲೆ ಒಂದು ಚೀಟಿಯನ್ನೂ ನಾನು ಹೊರುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ ಎಂದೆ. "ಅಂಗಾದ್ರೆ ತೌರು ಮರ್ತುಬುಡು" ಎಂದರು ಅತ್ತೆ. ಎಂಟು ತಿಂಗಳು ನನ್ನನ್ನು ಊರಿಗೆ ಕಳಿಸಲಿಲ್ಲ. ಒಬ್ಬಳೇ ಬಸ್ಸು ಹತ್ತಿಬಿಡಬಹುದಾಗಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಆಗ ನನ್ನ ಕೈಯಲ್ಲಿ ಬಸ್ ಚಾರ್ಜು ಕೂಡ ಇರುತ್ತಿರಲಿಲ್ಲ ತಾಯಂದಿರಾ.

ಆ ನಡುವೆ ಅಪ್ಪ ಒಂದು ಸಲ ಬಂದ. ಬಾಗಿಲ ಹೊರಗೆ ಜಗಲಿಯ ಮೇಲೆ ಕುಳಿತು, ನನ್ನ ಕಡೆಯೂ ಗಾಡಿಯ ಕಡೆಯೂ ನೋಡುತ್ತ, "ಚೀಟಿ ಏನೂ ಬರ್ಲಿಲ್ವಲ್ಲ ಬೀಗ್ರೇ? ರಿಪೇರಿ ಏನೂ ಇಲ್ವಾ?" ಎಂದು ಮಾವನನ್ನು ಕೇಳಿದ. ಬೇಡಿಕೊಳ್ಳುವವನ ಹಾಗೆ ಕೇಳಿದ! ಅತ್ತೆ ಕಾವಲು ಕುಳಿತಿದ್ದರಿಂದ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಕಾಫಿ ಲೋಟವನ್ನು ಅಪ್ಪನ ಮುಂದೆ ಕುಕ್ಕಿ ಒಳಗೆ ಹೋದೆ. ತಾನಾಗಿ ತಲೆ ಕೊಡಲು ಬರುತ್ತಾನಲ್ಲ ಈ ಮನುಷ್ಯ ಎಂದು ಅಳು, ಸಿಟ್ಟು ಎರಡೂ ಬಂದವು.

ಅಷ್ಟರಲ್ಲಿ ಜಪಾನ್ ಎಂಜಿನ್ನಿನ ನೂರು ಸಿಸಿ ಗಾಡಿಗಳು ರಾಬರ್ಟ್‌ಸನ್‌ಪೇಟೆಯಲ್ಲಿ ಓಡಾಡತೊಡಗಿದ್ದವು. ಗಂಡನಿಗೆ ಅದು ಬೇಕಾಯಿತು. ಹಳೆಯದನ್ನು ಮಾರುವುದು, ಮಿಕ್ಕಿದ್ದನ್ನು ನನ್ನಪ್ಪನ ಹತ್ತಿರ ಕೀಳುವುದು ಎಂದು ತಾಯಿ ಮಗ ಮಾತಾಡಿಕೊಂಡಿದ್ದು ನನ್ನ ಕಿವಿಗೇ ಬಿತ್ತು. ಅಪ್ಪನಲ್ಲಿ ಆಗ ಉಳಿದಿದ್ದುದು ಎರಡೇ ಹಸು.

ಕೊಳ್ಳಲು ಬಂದವನು ಬಂಗಾರಪೇಟೆ ಕಡೆಯ ಹಾಲಿನವ. ಸೈಕಲ್ಲಿನಲ್ಲಿ ಕ್ಯಾನು ಹೊತ್ತು ಸಾಕಾಗಿ ಗಾಡಿ ಕೊಳ್ಳಲು ಬಂದಿದ್ದ. "ಒಂದ್ ರೂಪಾಯಿ ಕೆಲ್ಸ ಇಲ್ಲ. ನೋಡು, ಒಂದೇ ಕಿಕ್ಕು" ಎಂದು ನನ್ನ ಗಂಡ ಒದ್ದು ತೋರಿಸಿದರು. ಎದ್ದಿತು. ಏಳದೆ ಏನು ಮಾಡೀತು? ಅವನು ಬರುವ ಮುಂಚೆ ಇನ್ನೊಂದು ಗಣಿ, ಮೈಸೂರು ಮೈನ್ಸ್‌ವರೆಗೂ ಓಡಿಸಿ ಬಿಸಿ ಮಾಡಿಕೊಂಡು ಬಂದು ನಿಲ್ಲಿಸಿದ್ದರು. ಅವನು ಬಾಯಿ ತುಂಬ ನಕ್ಕು ರೇಟಿಗೆ ಒಪ್ಪಿಯೂ ಬಿಟ್ಟ. ಆಮೇಲೆ ಬುಕ್ಕು ತೆಗೆದು ನೋಡಿದ.

"ಇದ್ಯಾರ ಎಸ್ರಣ್ಣ?"

"ನಮ್ಮನೆಯವಳ್ದು. ಏಯ್, ಬಂದು ಒಂದು ಸೈನ್ ಆಕು."

ಮುದ್ದೆ ತಿರುವುತ್ತಿದ್ದವಳು ಕೈ ತೊಳೆದುಕೊಂಡು ಹೊರಗೆ ಬಂದೆ. ಹಾಲಿನವ ನನ್ನ ಕಡೆ ತಿರುಗಿ, "ಅಕ್ಕಾ, ಗಾಡಿ ನಿಮ್ದಾ? ಎಂಗೈತೆ ಏಳಿ" ಎಂದ. ಆ ಮನೆಯಲ್ಲಿ ನನ್ನನ್ನು ಒಂದು ಮಾತು ಕೇಳಿದ ಮೊದಲ ಮನುಷ್ಯ ಅವನು.

"ಎಂಜಿನ್ ಮುಟ್ಟಿ ನೋಡಣ್ಣ" ಎಂದೆ.

ಮುಟ್ಟಿದ. ಚುರ್ ಎಂದು ಕೈ ಹಿಂದಕ್ಕೆಳೆದುಕೊಂಡ.

"ಬಿಸಿ ಮಾಡಿ ಮಡಗವ್ರೆ. ತಣ್ಣಗಿದ್ರೆ ಏಳೆಂಟು ಸಲ ಒದೀಬೇಕು. ಬೋರ್ ಮಾಡಿಸ್ಬೇಕು, ಮಾಡಿಸಿಲ್ಲ. ಮುಂದಿನ ಚಕ್ರ ಅಲ್ಲಾಡ್ತದೆ, ಬುಷ್ ಓಗೈತೆ. ಚಾಸಿ ಮಾತ್ರ ಗಟ್ಟಿ, ಎಲ್ಲೂ ಬಿದ್ದಿಲ್ಲ. ಕ್ಯಾನ್ ಕಟ್ಟಿದ್ರೆ ತಡೀತದೆ. ಅದಕ್ಕೆ ತಕ್ಕಂಗೆ ಬೆಲೆ ಕಟ್ಟು."

"ಒಳಗೋಗೇ!" ಎಂದು ನನ್ನ ಗಂಡ ಕಿರುಚಿದರು. ಅಕ್ಕಪಕ್ಕದ ಲೈನ್ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. "ಇರ್ಲಿ ಬುಡಣ್ಣ, ಬುಕ್ಕಲ್ಲಿರೋರು ಅವ್ರೇ ಅಲ್ವಾ?" ಎಂದ ಹಾಲಿನವ. ಬೆಲೆ ಅರ್ಧಕ್ಕರ್ಧ ಇಳಿಯಿತು. ಅದೇ ಅದರ ನ್ಯಾಯವಾದ ಬೆಲೆ. ದುಡ್ಡು ನನ್ನ ಕೈಗೆ ಕೊಟ್ಟರೆ ಮಾತ್ರ ಸಹಿ ಹಾಕುತ್ತೇನೆ ಎಂದೆ. ನಾಲ್ಕು ಜನರ ಎದುರಿಗೆ ಕೈ ಎತ್ತಲಾಗದೆ ಗಂಡ ಹಲ್ಲು ಕಡಿಯುತ್ತ ನಿಂತರು. ಅತ್ತೆ ನನ್ನ ವಂಶವನ್ನೆಲ್ಲ ಬೈದರು. ಬೈದುಕೊಳ್ಳಲಿ. ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದೆ. ಆಮೇಲೆ ಅವರು ಹೊಸ ಗಾಡಿಯನ್ನು ಸ್ವಂತ ಸಾಲದಲ್ಲಿ ಕೊಂಡರು, ಸಂಬಳದಲ್ಲಿ ಕಂತು ಹಿಡಿದರು. ಆ ಗಾಡಿ ಒಂದು ದಿನವೂ ಕೆಡಲಿಲ್ಲ ನೋಡಿ, ಆಶ್ಚರ್ಯ!

ಅಪ್ಪ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದ. ನನ್ನನ್ನು ಕಂಡು ದಡಬಡನೆ ಎದ್ದು, "ಈ ಸಲ ಏನಮ್ಮಾ ಓಯ್ತು?" ಎಂದ. ಮುಖದಲ್ಲಿ ಅಷ್ಟು ಸಂತೋಷ ಯಾಕೆ ಎಂದು ನನಗೆ ಅರ್ಥವೇ ಆಗಲಿಲ್ಲ.

"ಏನೂ ಓಗಿಲ್ಲ. ಗಾಡಿ ಮಾರ್ಬುಟ್ಟೆ" ಎಂದು ದುಡ್ಡನ್ನು ಅವನ ಕೈಯಲ್ಲಿ ತುರುಕಿದೆ. "ಆ ಚೀಟಿಗಳೆಲ್ಲಾ ಸುಳ್ಳಪ್ಪಾ. ಬೋರೇ ಮಾಡಿಸಿಲ್ಲ. ನಿನ್ ಕಡಸು ಸುಮ್ಸುಮ್ಕೆ ಓಯ್ತು."

"ಗೊತ್ತಿತ್ತು ಕಣಮ್ಮಾ. ಅಷ್ಟೊಂದು ರಿಪೇರಿ ಯಾವ್ ಗಾಡಿಗ್ ಬತ್ತದೆ?" ಎಂದ.

"ಗೊತ್ತಿದ್ದೂ ಕೊಟ್ಯಾ?"

"ಚೀಟಿ ಬಂದ್ರೆ ತಾನೇ ನೀನೂ ಬತ್ತಿದ್ದಿದ್ದು" ಎಂದ ಅಪ್ಪ. ಕೈಯಲ್ಲಿದ್ದ ನೋಟುಗಳನ್ನು ನೋಡಿದ, ನನ್ನನ್ನು ನೋಡಿದ. "ಗಾಡೀನೇ ಇಲ್ಲ ಅಂದ್ಮೇಲೆ ಇನ್ನು ನೀನೆಂಗಮ್ಮಾ ಬತ್ತೀಯ?"

"ಬಸ್ಸತ್ತಿ ಬತ್ತೀನಿ! ನಮ್ಮನೆಗ್ ಬರಾಕೆ ನಂಗ್ಯಾವ ಚೀಟಿ ಬೇಕು?" ಎಂದು ಕೂಗಿದೆ. ಹಸುಗಳು ಬೆದರಿ ತಲೆ ಎತ್ತಿದವು. ಅಪ್ಪನ ಮೇಲೆ ಅಷ್ಟು ಜೋರಾಗಿ ನಾನು ಹಿಂದೆಂದೂ ಕೂಗಿರಲಿಲ್ಲ, ಮುಂದೆಯೂ ಕೂಗಲಿಲ್ಲ.

ಅಪ್ಪ ದುಡ್ಡು ಹಿಡಿದುಕೊಂಡು ನಿಂತೇ ಇದ್ದ.

"ಕಳಿಸ್ತಾರಾ?" ಎಂದು ಕೇಳಿದ.