ಹುರುಳಿ ತುಳಿಯದ ರೇಸ್ ಕಾರು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮಜ್ಜಿ ಒಂದು ರೇಸ್ ಕಾರನ್ನು ನಿಲ್ಲಿಸಿದಳು. ಚಿಂತಾಮಣಿ ರೋಡಿನಲ್ಲಿ, ನಮ್ಮ ಹೊಲದ ಮುಂದೆ ಒಣಗಿದ ಹುರುಳಿ ಗಿಡ ಹರಡಿದ್ದೆವು. ಬಸ್ಸು, ಲಾರಿ ಅದರ ಮೇಲೆ ಹೋದರೆ ಕಾಳು ತಾನಾಗಿ ಉದುರುತ್ತದೆ. ಆಗ ಬಂತು ನೋಡಿ, ಬಾಗಿಲೇ ಇಲ್ಲದ, ಹಿಂದೆ ಬಾಲದ ಹಾಗೆ ಚೂಪಾದ ಹಳೇ ಕೆಂಪು ಕಾರು. ಹುರುಳಿ ಕಂಡು ಗಕ್ಕನೆ ನಿಂತಿತು.

"ಹತ್ಸಪ್ಪ, ಎಲ್ರೂ ಹತ್ಸ್ತಾರೆ," ಅಂದಳು ಅಜ್ಜಿ.

"ಇದು ಹಿಂದಿನ ಕಾಲದ ರೇಸ್ ಕಾರಮ್ಮ. ಗಿಡ ಸೈಲೆನ್ಸರ್‌ಗೆ ಸಿಕ್ಕಿಕೊಂಡ್ರೆ ಬೆಂಕಿ ಹತ್ಕೊಳ್ಳುತ್ತೆ. ಸ್ವಲ್ಪ ಸರಿಸಿ," ಅಂದರು ಓಡಿಸುತ್ತಿದ್ದ ಬೆಂಗಳೂರಿನ ಸಾರ್.

"ರೇಸ್ ಕಾರಾ? ಹಂಗಾದ್ರೆ ಸುತ್ತು ಹೊಡ್ದು ಅಭ್ಯಾಸ ಇರ್ತದಲ್ಲ! ಇದರ ಮೇಲೂ ನಾಕು ಸುತ್ತು ಹೊಡಿ."

ನಾನು ಇಂಥ ಕಾರುಗಳನ್ನು ಫೋನಿನಲ್ಲಿ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡವನು. "ಸಾರ್, ಒಂದು ರೌಂಡ್ ಕೂರ್ಲಾ?" ಅಂತ ಕೇಳಿಯೇಬಿಟ್ಟೆ.

ಅವರು ನನ್ನ ಧೂಳು ಪ್ಯಾಂಟು ನೋಡಿ, "ಹಳೇ ಲೆದರ್ ಸೀಟಪ್ಪ, ಬೇಡ," ಅಂದರು. ನನ್ನ ಮುಖ ಸಣ್ಣದಾಯಿತು.

ಅಜ್ಜಿ ಹುರುಳಿ ಮಧ್ಯೆ ಕೂತೇಬಿಟ್ಟಳು. "ನನ್ ಹುರುಳಿ ನಿನ್ ಕಾರಿಗಾಗಲ್ಲ, ನನ್ ಮೊಮ್ಮಗ ನಿನ್ ಸೀಟಿಗಾಗಲ್ಲ. ಇಲ್ಲೇ ನಿಂತಿರಪ್ಪ."

ಸಾರ್ ಜೋರಾಗಿ ನಕ್ಕರು. ಸೀಟಿನ ಮೇಲೆ ತಮ್ಮ ಟವೆಲ್ ಹಾಸಿ, "ದಾರಿ ಬಿಡಿಸಿ ಬಾಪ್ಪ, ಹತ್ತು," ಅಂದರು. ಅಜ್ಜಿ ಎದ್ದಳು, ನಾನು ಗಿಡ ಪಕ್ಕಕ್ಕೆ ಸರಿಸಿ ಹತ್ತಿದೆ. ಶಿಡ್ಲಘಟ್ಟ ಕ್ರಾಸ್‌ವರೆಗೆ ಹೋಗಿ ಬಂದೆವು. ರಬ್ಬರ್ ಹಾರ್ನ್ ಒತ್ತುವ ಕೆಲಸ ನನಗೇ ಕೊಟ್ಟರು. ರೋಡು ಖಾಲಿ ಇದ್ದರೂ ಒತ್ತಿದೆ.

ಥ್ಯಾಂಕ್ಸ್ ಸಾರ್. ಇಷ್ಟು ವರ್ಷ ನಮ್ಮ ಹುರುಳಿ ತುಳಿದುಕೊಂಡು ಹೋದ ಒಬ್ಬ ಡ್ರೈವರೂ ನನ್ನನ್ನು ಹತ್ತಿಸಿಕೊಂಡಿರಲಿಲ್ಲ.